ಸೀಟು ಹಿಡಿದ ಟವೆಲ್

ಹಿಂದೂಪುರ ಬಸ್‌ಸ್ಟ್ಯಾಂಡಿನಲ್ಲಿ ಕಲ್ಯಾಣದುರ್ಗದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸೀರೆ ನೇಯುವ ಗಂಡ, ಹೆಂಡತಿ, ಹತ್ತು ವರ್ಷದ ಮಗಳು. ಬೆಂಗಳೂರಿನ ವಾಟರ್ ಪಾರ್ಕಿಗೆ ವರ್ಷದ ಪಾಸ್ ಮಾಡಿಸಿದ್ದಾರಂತೆ. ಎರಡು ಬಸ್ಸು, ಒಂದು ಆಟೊ ಬದಲಿಸಿ ರಜೆ ಬಂದಾಗಲೆಲ್ಲ ಹೋಗುತ್ತಾರಂತೆ. ಕೇಳಿಯೇ ನನಗೆ ಸುಸ್ತಾಯಿತು.

ಬೆಂಗಳೂರು ಬಸ್ ಬಂತು. ಗಂಡ ಓಡಿಹೋಗಿ, ಈಜಿಗೆಂದು ತಂದ ಟವೆಲನ್ನು ಕಿಟಕಿಯಿಂದ ಒಳಗೆಸೆದು ಸೀಟು ಹಿಡಿದು ಬಂದ. ಮಗಳು ಏಳಲೇ ಇಲ್ಲ.

"ಅಪ್ಪಾ, ಸಾಕಾಗೈತೆ. ಇವತ್ತು ಬ್ಯಾಡ."

"ನಿನಗೋಸ್ಕರಾನೇ ಹೋಯ್ತಿದ್ವಲ್ಲಮ್ಮಾ!"

"ನೀನು ಪಾಸ್ ಮಾಡ್ಸಿದ್ದೀಯಲ್ಲ ಅಂತ ನಾನು ಬತ್ತಿದ್ದೆ."

ಹೆಂಡತಿ ನಗುತ್ತಾ ಅಲ್ಲೇ ಬುತ್ತಿ ಬಿಚ್ಚಿದಳು. ಚಿತ್ರಾನ್ನದಲ್ಲಿ ನನಗೂ ಪಾಲು ಸಿಕ್ಕಿತು. ಅಷ್ಟರಲ್ಲಿ ಬಸ್ಸು ಹೊರಟಿತು.

"ಅಯ್ಯೋ, ನಿಮ್ಮ ಟವೆಲ್!" ಎಂದೆ.

ಗಂಡ ತುತ್ತು ಕೆಳಗಿಡಲಿಲ್ಲ.

"ಪೋನೀ, ಹೋಗ್ಲಿ ಬಿಡಣ್ಣಾ. ನಮ್ಮನೆಯಿಂದ ಅದಾದ್ರೂ ಹೋಗ್ಬರ್ಲಿ."