ಬ್ಯಾಟರಿ ಇಲ್ಲದ ಕಾರಿನ ಹಾರ್ನ್

ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಇದನ್ನು ಓದಿ ನಗುವುದಾದರೆ ನಗಿ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಆಗ ನಾವು ಗಂಡ ಹೆಂಡತಿ ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಹಳೆಯದೊಂದು ಬಾಡಿಗೆ ಮನೆಯಲ್ಲಿದ್ದೆವು. ಹಿಂದುಗಡೆ ಡಾಂಬರು ಹಾಕಿದ ಅಂಗಳ. ನಾನು ಧಾರವಾಡದವನು, ಗೆಳೆಯ ಶಿವಾನಂದ ಗದಗಿನವನು, ಇಬ್ಬರಿಗೂ ಒಂದೇ ಆಫೀಸಿನಲ್ಲಿ ಕೆಲಸ. ವಾದಿ ಅದಾಯ್ ಎಂಬಲ್ಲಿನ ಗ್ಯಾರೇಜೊಂದರ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಕಾರನ್ನು ಇಬ್ಬರೂ ಸೇರಿ ತಂದು, ಎರಡು ವರ್ಷ ಪ್ರತಿ ಶುಕ್ರವಾರ ಅದರ ಚಾಕರಿ ಮಾಡಿದೆವು. ಆ ಕಾರಿಗೂ ನನಗೂ ಆಗಿಬರುತ್ತಿರಲಿಲ್ಲ. ನಾನು ಮುಟ್ಟಿದ ಬೋಲ್ಟೇ ಮುರಿಯುತ್ತಿತ್ತು. ಶಿವಾನಂದ ಕೈ ಹಾಕಿದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಅವತ್ತು ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ. ಹೆಂಡತಿ ಸುಮಾ ನಮ್ಮ ಸ್ಪ್ಯಾನರುಗಳನ್ನೆಲ್ಲ ಒರೆಸಿ, ಕಾರಿನಿಂದ ಬಿಚ್ಚಿಟ್ಟಿದ್ದ ಬ್ಯಾಟರಿಯನ್ನೂ ಸೇರಿಸಿ ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಳು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟಬಾರದು. ಆದರೆ ಗೇರ್‌ಬಾಕ್ಸ್ ಅವತ್ತೇ ಕೂರಿಸಬೇಕೆಂದು ನನಗೆ ಹಟ. ಸುಮಾ ಬಾಗಿಲಿಗೆ ಅಡ್ಡ ನಿಂತು, "ಇದೊಂದ್ ದಿನಾ ಬಿಡ್ರಿ," ಎಂದಳು. ಬಾಯಿಗೆ ಬಂದಂತೆ ಬೈದು, ಬ್ಯಾಟರಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಾಚಿಕೊಂಡು ಬಂದೆ. ಆ ಸಿಟ್ಟಿನಲ್ಲೇ ಕಾರನ್ನು ಜಾಕ್ ಹಚ್ಚಿ ಎತ್ತಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆ. ಬಿಸಿಲಿಗೆ ಡಾಂಬರು ಮೆತ್ತಗಾಗುತ್ತದೆ, ಸ್ಟ್ಯಾಂಡಿನ ಕೆಳಗೆ ಹಲಗೆ ಇಡಬೇಕು. ಗೊತ್ತಿದ್ದೂ ಇಡಲಿಲ್ಲ.

ಮಧ್ಯಾಹ್ನ ಮೂರು ಗಂಟೆ. ನಾನು ಕಾರಿನಡಿ ಮಲಗಿದ್ದೆ, ಶಿವಾನಂದ ಬಾನೆಟ್ಟಿಗೆ ಒರಗಿ ನಿಂತಿದ್ದ. ಆಗ ನನ್ನ ತಲೆಯ ಮೇಲೇ ಹಾರ್ನ್ ಹೊಡೆಯಿತು. ಒಂದೇ ಸಮ, ಹಿಂದಿನ ಲಾರಿಯವನು ದಾರಿ ಬಿಡು ಎಂದು ಒತ್ತುವ ಹಾಗೆ. ಅದರಲ್ಲಿ ಎಚ್ಚರಿಕೆ ಇರಲಿಲ್ಲ, ಹಗೆ ಇತ್ತು. ತೆವಳಿಕೊಂಡು ಹೊರಬಂದೆ, ಸೀಟಿನಲ್ಲಿ ಯಾರೂ ಇರಲಿಲ್ಲ. ಸುಮಾ ಸೇಡು ತೀರಿಸಿಕೊಂಡು ಒಳಗೆ ಓಡಿದ್ದಾಳೆ ಎಂದುಕೊಂಡು, ಜಗಳಕ್ಕೆಂದೇ ಮನೆಯೊಳಗೆ ನುಗ್ಗಿದೆ. ಅವಳು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಯಾವ ಹಾರ್ನೂ ಕೇಳಿಲ್ಲ ಎಂದಳು. ಬ್ಯಾಟರಿ ಹೂವು ಏರಿಸಿಕೊಂಡು ದೇವರ ಮುಂದೆಯೇ ಕುಳಿತಿತ್ತು. ಬ್ಯಾಟರಿಯಿಲ್ಲದೆ ಹಾರ್ನ್ ಎಲ್ಲಿಂದ ಬಂತು ಎಂದು ನನಗೆ ಹೊಳೆದದ್ದೇ ಆಗ.

ಅಷ್ಟರಲ್ಲಿ ಅಂಗಳದಿಂದ ದೊಡ್ಡ ಸದ್ದು ಕೇಳಿತು. ನಾನು ಅರ್ಧಕ್ಕೆ ಬಿಟ್ಟ ಬೋಲ್ಟು ಬಿಗಿಯಲು ಶಿವಾನಂದ ಕೆಳಗೆ ಸರಿದಿದ್ದ. ಒಂದು ಸ್ಟ್ಯಾಂಡು ಡಾಂಬರಿನಲ್ಲಿ ಹೂತು ಕಾರು ವಾಲಿ ಬಿದ್ದಿತ್ತು. ಅವನ ಜೀವ ಉಳಿಯಿತು. ಬಲಗೈಯ ನಾಲ್ಕು ಬೆರಳು ಹೋದವು.

ಆಸ್ಪತ್ರೆಯಲ್ಲಿ ಅವನಿಗೆ ಹಾರ್ನಿನ ವಿಷಯ ಹೇಳಿದೆ. ಪಕ್ಕದಲ್ಲೇ ಇದ್ದವನಿಗೆ ಏನೂ ಕೇಳಿಸಿರಲಿಲ್ಲ. ಕಾರು ಅಲುಗಿದ್ದು ಗೊತ್ತಾಗಿ ನಾನು ಓಡಿಹೋದೆ, ಹಾರ್ನ್ ಬರೀ ಕಟ್ಟುಕಥೆ ಎಂದೇ ಅವನು ನಂಬಿದ. ಮುಂದಿನ ದಸರೆಗೆ ಬನ್ನಿ ಕೊಟ್ಟು ರಾಜಿಯಾಗೋಣವೆಂದು ಅವನ ಮನೆಗೆ ಹೋದೆ. ಮಸ್ಕತ್ತಿನಲ್ಲಿ ಬೆಳೆಯುವ ಘಾಫ್ ಮರವೇ ನಮ್ಮ ಬನ್ನಿ, ಅದರ ಎಲೆ ಕಿತ್ತುಕೊಂಡು ಹೋಗಿದ್ದೆ. ಅವನು ಕೈ ಚಾಚಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದ:

"ಆತು, ಹಾರ್ನ್ ಖರೇನ ಹೊಡೀತು ಅಂತ ಇಟ್ಕೋ. ಹೊರಗ ಬಂದಾಂವ ನನಗ್ಯಾಕ ಹೇಳಲಿಲ್ಲೋ?"

ಹಾರ್ನ್ ಹೊಡೆದದ್ದು ನಿಜ, ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಅದು ಹೇಗೆ ಹೊಡೆಯಿತು, ನನಗೊಬ್ಬನಿಗೇ ಏಕೆ ಕೇಳಿಸಿತು, ಗೊತ್ತಿಲ್ಲ. ಆದರೆ ಶಿವಾನಂದನ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಹೆಂಡತಿಯ ಮೇಲೆ ಕೂಗಾಡುವ ಅವಸರದಲ್ಲಿ ಅವನು ಅಲ್ಲಿರುವುದೇ ನನಗೆ ಮರೆತುಹೋಗಿತ್ತು. ಅದನ್ನು ಅವನಿಗೆ ಇನ್ನೂ ಹೇಳಿಲ್ಲ.