ಚೌಕಾಶಿ ಮಾಡದ ಗಿರಾಕಿಗಳು

ಗಂಡ ರಾಮಾ ತೀರಿಹೋದ ಮೇಲೆ ಮಂಜಿ ಮತ್ತೆ ಮೀನಿನ ಬುಟ್ಟಿ ಹೊತ್ತಳು. ಹೊರದೆ ಏನು ಮಾಡುತ್ತಾಳೆ? ಮನೆಯಲ್ಲಿ ಕೂತರೆ ಗೋಡೆಯಿಂದ ಅವನ ಬೀಡಿಯ ವಾಸನೆ ಇನ್ನೂ ಬರುತ್ತದೆ. ಬುಟ್ಟಿ ತಲೆಗೇರಿದರೆ ಕತ್ತಾದರೂ ನೆಟ್ಟಗಾಗುತ್ತದೆ.

ಅಂಕೋಲೆಯಲ್ಲಿ ಅವಳಿಗೆ ವಾಡಿಕೆಯ ಮನೆಗಳಿದ್ದವು. ಎಲ್ಲಕ್ಕಿಂತ ಜೋರು ಜಯಂತಕ್ಕನ ಮನೆ. ಬಂಗಡೆಯ ಕಿವಿರು ಎತ್ತಿ ನೋಡಿ ಜಯಂತಕ್ಕ ಹೇಳುವಳು, "ಇದು ನಿನ್ನೆ ಸತ್ತದ್ದಲ್ಲ ಮಂಜಿ, ನಿನ್ನ ಮದುವೆ ದಿನ ಸತ್ತದ್ದು."

"ಹಂಗಾರೆ ತಿನ್ಬೇಡಿ. ಬದನೆಕಾಯಿ ಬೇಯ್ಸಿ ಉಣ್ಣಿ" ಎಂದು ಮಂಜಿ ಬುಟ್ಟಿ ಎತ್ತುವಳು. ತುಳಸಿಕಟ್ಟೆ ದಾಟುವ ಮೊದಲು ಹಿಂದಿನಿಂದ ಕರೆ ಬರುತ್ತಿತ್ತು. ಮಂಜಿ ಮೊದಲು ಹೇಳುವ ದರ ಯಾವತ್ತೂ ಕೊಡಬೇಕಾದ ದರವಲ್ಲ. ಅದು ಜಗಳ ಶುರು ಮಾಡಲಿಕ್ಕೆ. ಅದು ಇಬ್ಬರಿಗೂ ಗೊತ್ತು. ಸಂಜೆ ರಾಮಾ ಬಲೆ ಸರಿಮಾಡುತ್ತ ಕೇಳುತ್ತಿದ್ದ, "ಇವತ್ತು ಎಂತಾ ಬಯ್ದ್ರು ನಿನ್ನ ಜಯಂತಕ್ಕ?" ಅವಳು ಹೇಳುತ್ತಿದ್ದಳು. ಅವನು ನಗುತ್ತಿದ್ದ.

ಮಳೆಗಾಲದಲ್ಲಿ ಜ್ವರ ಬಂದು ರಾಮಾ ಸತ್ತ. ಆಮೇಲೆ ಜಯಂತಕ್ಕನ ಬಾಯಿ ನಿಂತಿತು. ಮಂಜಿ ದರ ಹೇಳುತ್ತಾಳೆ, ಜಯಂತಕ್ಕ ಒಳಗೆ ಹೋಗಿ ದುಡ್ಡು ತಂದು ಕೊಡುತ್ತಾಳೆ. ಕಿವಿರು ನೋಡುವುದಿಲ್ಲ. ಮುಖವನ್ನೂ ನೋಡುವುದಿಲ್ಲ. ಉಳಿದ ಮನೆಗಳೂ ಹಾಗೇ. ಅವರದ್ದು ಮರುಕ. ಮಂಜಿಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳು. ಸಾಯಂಕಾಲ ಹೇಳಲಿಕ್ಕೆ ಮಾತಿಲ್ಲ. ಕೇಳುವವನೂ ಇಲ್ಲ.

ತನ್ನ ಗಂಡ ಸತ್ತದ್ದು ಗೊತ್ತಿಲ್ಲದ ಕಡೆ ಹೋಗುವುದೆಂದು ಮಂಜಿ ಬಸ್ಸು ಹತ್ತಿ ಬಿಣಗಾಕ್ಕೆ ಹೋದಳು. ಅಲ್ಲಿ ಹೆದ್ದಾರಿ ಪಕ್ಕದ ಹೊಸ ಕಟ್ಟಡದಲ್ಲಿ ಪರವೂರಿನವರು ಇದ್ದರು. ಮೂರನೇ ಮಹಡಿಯಲ್ಲಿ ಕೇರಳದ ಮೇಡಂ. ಮೀನು ಅಂದರೆ ಜೀವ. ಕನ್ನಡ ಬಾರದು. ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೆ. "ಹೌ ಮಚ್?" ಎಂದರು. ಮಂಜಿ ವಾಡಿಕೆಯಂತೆ ಏರಿಸಿ ಹೇಳಿದಳು. ಮೇಡಂ ಅಷ್ಟೂ ಕೊಟ್ಟು "ಥ್ಯಾಂಕ್ಯೂ" ಎಂದು ಬಾಗಿಲು ಹಾಕಿಕೊಂಡರು.

ಮಂಜಿ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಕದ್ದವಳ ಹಾಗೆ ಅನ್ನಿಸಿತು. ಬೆಲ್ ಒತ್ತಿ ಇನ್ನೊಂದಿಷ್ಟು ಬಂಗಡೆ ಮೇಡಂ ಕೈಗೆ ಹಾಕಿ ಇಳಿದುಬಂದಳು.

ಸೊಸೆ ಪ್ರಗತಿ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಹಿತ್ತಲಲ್ಲಿ ಮೀನು ಕೊಯ್ಯುತ್ತ ಮಂಜಿ ಕೇಳಿದಳು, "ತಂಗೀ, ನಂಗೆ ಇಂಗ್ಲಿಷ್ ಹೇಳ್ಕೊಡು."

"ಎಂತಕ್ಕೆ ಅತ್ತೆ?"

"ಜಗಳ ಮಾಡುಕೆ."

ಪ್ರಗತಿ ನಕ್ಕು, ಫ್ರೆಶ್, ಕ್ಲೀನ್, ಬಿಗ್, ಸ್ಮಾಲ್ ಎಂದು ಶುರು ಮಾಡಿದಳು.

"ಅದೆಲ್ಲ ನಂಗೂ ಬತ್ತದೆ. ದರ ಹೆಚ್ಚಾಯ್ತು ಅಂತ ಬಯ್ಯುದು ಹೆಂಗೆ?"

"ಟೂ ಮಚ್."

"ಅಷ್ಟೇಯಾ? ಖಾರವೇ ಇಲ್ಲ."

ಪ್ರಗತಿ ಯೋಚನೆ ಮಾಡಿದಳು. "ಇನ್ನೊಂದು ಇದೆ. ಆ್ಯನ್ ಆರ್ಮ್ ಅಂಡ್ ಎ ಲೆಗ್. ಅಂದ್ರೆ ಈ ದರ ಕೊಡುಕೆ ಒಂದು ಕೈ, ಒಂದು ಕಾಲು ಕೊಯ್ದು ಕೊಡ್ಬೇಕು ಅಂತ."

ಮಂಜಿಯ ಕೈ ಈಳಿಗೆಯ ಮೇಲೆ ನಿಂತಿತು. "ಅಬ್ಬಾ! ಇಂಗ್ಲಿಷಿನವ್ರಿಗೂ ಮೀನು ಕೊಳ್ಳುಕೆ ಬತ್ತದೆ ಹಂಗಾರೆ. ಅದ್ಕೆ ಮಾರುವವಳು ಎಂತಾ ಹೇಳ್ಬೇಕು?"

"ಟೇಕ್ ಇಟ್ ಆರ್ ಲೀವ್ ಇಟ್. ಬೇಕಾರೆ ತಕೋ, ಇಲ್ದಿದ್ರೆ ಬಿಡು."

"ಇದು ನನ್ನ ಮಾತು!" ಎಂದಳು ಮಂಜಿ. ಮರುದಿನ ಬಸ್ಸಿನಲ್ಲಿ ಅದನ್ನೇ ಗೊಣಗುತ್ತ ಹೋದಳು. ಪಕ್ಕದವಳು ಅದನ್ನು ಜಪ ಅಂದುಕೊಂಡಳು.

ಮೇಡಂ ದರ ಕೇಳಿದರು. ಮಂಜಿ ಹೇಳಿದಳು. ಮೇಡಂ ಪರ್ಸ್ ತರಲು ತಿರುಗಿದಾಗ ಮಂಜಿ ಬುಟ್ಟಿಯ ಮೇಲೆ ಕೈ ಅಡ್ಡ ಇಟ್ಟಳು.

"ನೋ ಪರ್ಸ್."

ಮೇಡಂ ಕಂಗಾಲು. ಮಂಜಿ ಅವರ ಕಡೆ ಬೆರಳು ತೋರಿಸಿದಳು. "ಯೂ ಸೇ, ಆರ್ಮ್ ಅಂಡ್ ಲೆಗ್." ತನ್ನ ಎದೆ ಮುಟ್ಟಿಕೊಂಡಳು. "ಐ ಸೇ, ಟೇಕ್ ಇಟ್ ಆರ್ ಲೀವ್ ಇಟ್." ಬುಟ್ಟಿ ಎತ್ತಿ ನಾಲ್ಕು ಮೆಟ್ಟಿಲು ಇಳಿದು ತಿರುಗಿದಳು. "ಯೂ ಕಾಲ್ ಮಿ."

ಮೇಡಂ ಬಾಯಿ ಬಿಟ್ಟು ನಿಂತರು. ಬಾಗಿಲು ಹಾಕಿಕೊಂಡರೆ ಈ ಮನೆಯೂ ಹೋಯಿತು.

ಮೇಡಂ ಕೈ ಬೀಸಿ ಕರೆದರು. ಮಂಜಿ ಹತ್ತಿ ಬಂದು ಬುಟ್ಟಿ ಇಳಿಸಿದಳು. ಮೇಡಂ ಕುಕ್ಕರಗಾಲಲ್ಲಿ ಕೂತು, ಕಿವಿರು ಎತ್ತಿ, ಮೂಗು ಸೊಟ್ಟ ಮಾಡಿ ಕೂಗಿದರು, "ಆರ್ಮ್ ಅಂಡ್ ಲೆಗ್! ಫಾರ್ ದಿಸ್?"

'ಫಾರ್ ದಿಸ್' ಮಂಜಿ ಹೇಳಿಕೊಟ್ಟದ್ದಲ್ಲ. ಅದು ಮೇಡಂ ಸ್ವಂತದ್ದು. ಮಂಜಿಗೆ ಮೈಯೆಲ್ಲ ಬಿಸಿಯಾಯಿತು. ಕಲಿತ ಇಂಗ್ಲಿಷ್ ಮುಗಿದುಹೋಗಿ ತನ್ನೂರು ಬೇಲೆಕೇರಿಯ ಬೈಗುಳವೇ ಬಂತು. ಮೇಡಂ ಮಲಯಾಳದಲ್ಲಿ ತಿರುಗಿ ಬಯ್ದರು. ಎದುರು ಮನೆಯವರು ಬಾಗಿಲು ತೆರೆದು ನೋಡಿದರು. ಕೊನೆಗೆ ಅರ್ಧ ದರಕ್ಕೆ ಕೊಟ್ಟು, ಮೇಲೆ ಒಂದು ಮೀನು ಹಾಕಿ, ಮಂಜಿ ನಗುತ್ತ ಇಳಿದಳು. ಬಸ್ಸಿನಲ್ಲಿ ಎಲ್ಲವನ್ನೂ ರಾಮಾನಿಗೆ ಹೇಳಿದಳು, ಬಾಯಿ ತೆರೆಯದೆ.

ಮಾರನೇ ದಿನ ಅವಳು ಅಂಕೋಲೆಗೆ ಹೋದಳು. ಜಯಂತಕ್ಕನಿಗೆ ಬೇಕಂತಲೇ ಬಾಯಿಗೆ ಬಂದ ದರ ಹೇಳಿದಳು. ಜಯಂತಕ್ಕ ಮುಖ ತಗ್ಗಿಸಿ ಒಳಗೆ ಹೊರಟಳು.

"ನಿಲ್ಲಿ ಜಯಂತಕ್ಕ! ಗಂಡ ಸತ್ತದ್ದು ನಂದು. ನಿಮ್ಮ ಬಾಯಿಗೆ ಎಂತಾ ಆಯ್ತು?"

ಜಯಂತಕ್ಕ ಹೊಸ್ತಿಲಲ್ಲೇ ನಿಂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಇಳಿದು ಬಂದು ಒಂದು ಬಂಗಡೆ ಎತ್ತಿದಳು.

"ಕಣ್ಣು ನೋಡೇ ಇದ್ರದ್ದು. ನನ್ನ ಅಜ್ಜಿ ಕಣ್ಣಂಗೆ ಇದೆ. ಇದ್ಕೆ ಆ ದರವಾ?"

"ಟೇಕ್ ಇಟ್ ಆರ್ ಲೀವ್ ಇಟ್" ಎಂದಳು ಮಂಜಿ. ಬುಟ್ಟಿ ಎತ್ತಿ ನಡೆದಳು.

"ಎಂತದೇ ಅದು? ನನಗೇ ಇಂಗ್ಲಿಷಲ್ಲಿ ಬಯ್ತಿಯಾ? ಬಾರೇ ಇಲ್ಲಿ, ಸೊಕ್ಕಿನವಳೇ!"

ಮಂಜಿ ತುಳಸಿಕಟ್ಟೆಯ ಹತ್ತಿರ ನಿಂತಳು. ಕೂಡಲೇ ತಿರುಗಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಕಾದಳು.