ನರ್ವಿಲಿಯಾ ಗಡ್ಡೆಗಳೂ ಮಣ್ಣಪ್ಪನವರ ಕೈಗುಣವೂ

ನೆಲದಲ್ಲಿ ಬೆಳೆಯುವ ಉಷ್ಣವಲಯದ ಆರ್ಕಿಡ್‌ಗಳಲ್ಲಿ ನರ್ವಿಲಿಯಾ ಕುಲದಷ್ಟು ಸತಾಯಿಸುವುದು ಮತ್ತೊಂದಿಲ್ಲ. ಮೊದಲು ಎಲೆಯಿಲ್ಲದೆ ಹೂವೊಂದೇ ಮೇಲೇಳುತ್ತದೆ. ಅದು ಬಾಡಿದ ಮೇಲೆ ಒಂದೇ ಒಂದು ಎಲೆ. ಆಮೇಲೆ ತಿಂಗಳುಗಟ್ಟಲೆ ಮಣ್ಣೊಳಗೆ ಗಡ್ಡೆಯ ನಿದ್ದೆ. ಇಂಥ ಗಿಡವನ್ನು ಮೂವತ್ತನಾಲ್ಕು ವರ್ಷ ನಮ್ಮ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ತಪ್ಪದೆ ಹೂಬಿಡಿಸಿದವರು ಈಗ ನಿವೃತ್ತರಾಗುತ್ತಿರುವ ಹಿರಿಯ ಮಾಲಿ, ಎಲ್ಲರ ಬಾಯಲ್ಲಿ 'ಮಣ್ಣಪ್ಪ'ನವರು.

ಅವರನ್ನು ಹೊಗಳಲು ಈ ಲೇಖಕಿಗಿಂತ ಅರ್ಹರು ಹಲವರಿದ್ದಾರೆ. ಅವರನ್ನು ಕಂಡು ಈಕೆಯಷ್ಟು ಹೊಟ್ಟೆ ಉರಿದುಕೊಂಡವರು ಮಾತ್ರ ಇನ್ನೊಬ್ಬರಿಲ್ಲ. ಸಂಶೋಧಕಿಯಾಗಿ ಸೇರಿದಾಗ ಈಕೆಯ ಬಳಿ ಅದೇ ಕುಲದ ಮೇಲೆ ಬರೆದ ಮಹಾಪ್ರಬಂಧವಿತ್ತು, ಕೈಗುಣವಿರಲಿಲ್ಲ. ಮಣ್ಣಪ್ಪನವರ ಸಾಲಿನಲ್ಲಿ ಹೂವು, ಈಕೆಯ ಸಾಲಿನಲ್ಲಿ ಬರಿಯ ಒದ್ದೆ ಮಣ್ಣು. ಬಂದವರೆಲ್ಲ ಅತ್ತಲೇ ನಿಲ್ಲುತ್ತಿದ್ದರು. ನಾಲ್ಕನೆಯ ವರ್ಷ, ಎಲೆಗಳು ಒಣಗಿ ಎಲ್ಲ ಕುಂಡಗಳೂ ಒಂದೇ ತರ ಕಾಣುತ್ತಿದ್ದ ಹೊತ್ತಿನಲ್ಲಿ, ಅವರು ಊಟಕ್ಕೆ ಹೋದಾಗ, ಈಕೆ ತನ್ನ ಐದು ಕುಂಡಗಳನ್ನು ಅವರ ಸಾಲಿನಲ್ಲಿಟ್ಟು ಅವರ ಐದನ್ನು ತನ್ನದಾಗಿಸಿಕೊಂಡಳು. ಚೀಟಿಗಳನ್ನೂ ಬದಲಿಸಿದಳು.

ಮುಂದಿನ ಋತುವಿನಲ್ಲಿ ಅವರ ಸಾಲಿನ ಐದೂ ಹೂಬಿಟ್ಟವು. ನಿರ್ದೇಶಕರು ಬೆನ್ನು ತಟ್ಟಲು ಬಂದರೆ ಮಣ್ಣಪ್ಪನವರು ಎಲ್ಲರ ಎದುರಿಗೆ, "ಇವು ಮೇಡಂ ಅವರ ಗಡ್ಡೆ ಸಾರ್, ನಾನು ನೋಡ್ಕೊಂಡೆ ಅಷ್ಟೆ" ಎಂದರು. ಈಕೆಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಆಮೇಲೆ ಇಬ್ಬರೇ ಇದ್ದಾಗ ಹೇಗೆ ತಿಳಿಯಿತೆಂದು ಕೇಳಿದಳು.

"ಎತ್ತಿದ ಕೂಡ್ಲೇ ಗೊತ್ತಾಯ್ತು. ನಿದ್ದೇಲಿರೋ ಗಡ್ಡೆಗೆ ನಾನು ನೀರು ಹಾಕಲ್ಲ, ಒಣಗಿದ ಕಾಲದಲ್ಲಿ ನನ್ನ ಕುಂಡ ಅಷ್ಟು ಭಾರ ಇರಲ್ಲ. ಕೊಳೀತಾ ಇದ್ವು, ವಾಸಿ ಮಾಡೋಕೆ ಕೊಟ್ಟಿದ್ದೀರಿ ಅಂದ್ಕೊಂಡೆ. ಬಾಯಿಬಿಟ್ಟು ಕೇಳೋಕೆ ನಾಚಿಕೆ ಆಗಿರ್ಬೇಕು ಅಂತ ಸುಮ್ನಾದೆ. ನನ್ನ ಐದನ್ನ ಒಳಗೆಲ್ಲೋ ಜೋಪಾನವಾಗಿ ಎತ್ತಿಟ್ಟಿದ್ದೀರಲ್ವಾ?"

ಈಕೆ ನಿಜ ಹೇಳಿದಳು. ಅವರ ಮುಖ ಕಪ್ಪಿಟ್ಟಿತು. ಎಂದೂ ಕೈ ಹಾಕದ ಈಕೆಯ ಸಾಲಿಗೆ ದಡದಡನೆ ಹೋಗಿ ಕುಂಡಗಳನ್ನು ಬೋರಲು ಹಾಕಿ ಮಣ್ಣನ್ನು ಬೆರಳಿನಿಂದ ಜಾಲಾಡಿದರು. ದಿನವೂ ನೀರು ಕುಡಿದ ಅವರ ಐದು ಗಡ್ಡೆಗಳಲ್ಲಿ ಉಳಿದದ್ದು ಒಂದು.

"ಸಿಟ್ಟಿದ್ರೆ ನನ್ನನ್ನ ಬೈಬೇಕಿತ್ತು ಮೇಡಂ," ಎಂದರು. "ಗಡ್ಡೆ ಏನು ಮಾಡಿತ್ತು?"

ಒಂದು ತಿಂಗಳು ಅವರು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಆಮೇಲೊಂದು ಬೆಳಿಗ್ಗೆ ಎರಡು ಕುಂಡಗಳನ್ನು ತಂದು ಈಕೆಯ ಎರಡು ಕೈಗೂ ಒಂದೊಂದು ಕೊಟ್ಟು, ಯಾವುದು ಭಾರ ಹೇಳಿ ಎಂದರು. ಈಕೆಯ ನಿಜವಾದ ವಿದ್ಯಾಭ್ಯಾಸ ಶುರುವಾದದ್ದು ಅಂದು. ಎರಡು ವರ್ಷದ ಮೇಲೆ ಈಕೆಯ ಸಾಲಿನಲ್ಲೂ ಹೂವು ಬಂತು; ಅವರದಕ್ಕಿಂತ ಒಂಬತ್ತು ದಿನ ತಡವಾಗಿ. ಆ ಒಂಬತ್ತು ದಿನವೂ ಈಕೆಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವುದು ತರವಲ್ಲ.

ಮಣ್ಣಪ್ಪನವರು ಒಂದಿಷ್ಟು ಗಡ್ಡೆಗಳನ್ನು ಮನೆಗೆ ಒಯ್ಯುತ್ತಿದ್ದಾರೆ, ಒಯ್ಯಲಿ. ಅವರ ಕೈಗೂ ಕಣ್ಣಿಗೂ ಸೊಂಟಕ್ಕೂ ಆಯಸ್ಸು ಆರೋಗ್ಯ ಕೂಡಿಬರಲಿ. ಒಂದೇ ಒಂದು ವರ್ಷವಾದರೂ ಅವರಿಗಿಂತ ಮೊದಲು ತನ್ನ ಕುಂಡದಲ್ಲಿ ಹೂವರಳಬೇಕೆಂಬುದು ಈ ಲೇಖಕಿಯ ಹಟ. ಅದಕ್ಕೆ ಬಹುಕಾಲ ಬೇಕಾದೀತು. ಅಷ್ಟು ಕಾಲವೂ ಅವರು ಇರಬೇಕು, ಬೆಳೆಸುತ್ತಲೇ ಇರಬೇಕು.